ಕಾರಿನ ಪರದೆಗೆ ಒಗ್ಗದ ಮದುವೆ

ನನ್ನ ಹಳೇ ಕಾರಿನ ಸ್ಟೀರಿಯೋಗೆ ಏಳಿಂಚಿನ ಪರದೆ ಇದೆ. ಪೆನ್‌ಡ್ರೈವ್ ಚುಚ್ಚಿ ಅಪ್ಪ-ಅಮ್ಮನ ಮದುವೆ ವಿಡಿಯೋ ಹಾಕಿದರೆ ಬಂದದ್ದು ಒಂದೇ ಸಾಲು: ‘ಫೈಲ್ ನಾಟ್ ಸಪೋರ್ಟೆಡ್’. ಸಾಗರಕ್ಕೆ ಹೋಗುವಾಗ ಅಜ್ಜಿಗೆ ತೋರಿಸಬೇಕು ಅಂತಿದ್ದೆ. ಅಜ್ಜನ ದನಿ ಉಳಿದಿರೋದು ಅದೊಂದರಲ್ಲೇ.

ಮೊಬೈಲಿನಲ್ಲಿ ಸಲೀಸಾಗಿ ಓಡೋದು ಕಾರಿನಲ್ಲಿ ಯಾಕೆ ಓಡಲ್ಲ? ಕಾರಣ ಹುಡುಕ್ತಾ 1990ರ ದಶಕಕ್ಕೆ ಹೋಗಿ ನಿಂತೆ.

1993ರಲ್ಲಿ ವಿಸಿಡಿಯ ಮಾನದಂಡ ಬಂತು. ಹಾಡಿನ ಸಿಡಿಯ ಮೇಲೇ 74 ನಿಮಿಷದ ಸಿನಿಮಾ ಕೂರಿಸೋ ಉಪಾಯ. ಎಂಪೆಗ್-1 ಅನ್ನೋ ವಿಧಾನ ಚಿತ್ರವನ್ನು 352×288 ಚುಕ್ಕಿಗಳಿಗೆ ಕುಗ್ಗಿಸಿ, ಹೆಚ್ಚಿನ ಫ್ರೇಮುಗಳಲ್ಲಿ ಅಕ್ಕಪಕ್ಕದ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಬರೆದಿಡುತ್ತಿತ್ತು. ಸಿನಿಮಾಕ್ಕೆ ಎರಡು ಡಿಸ್ಕ್. ನಡುವೆ ಎದ್ದು ಡಿಸ್ಕ್ ಬದಲಿಸಿದ್ದು ನೆನಪಿದ್ರೆ ನೀವೂ ನನ್ನ ವಯಸ್ಸಿನೋರೇ.

ಮುಂದಿನ ಕತೆ ಮಜವಾಗಿದೆ. 1998ರಲ್ಲಿ ಅಮೆರಿಕದಲ್ಲಿ ಡಿವ್‌ಎಕ್ಸ್ ಅನ್ನೋ ಡಿಸ್ಕ್ ಬಂತು. ಕೊಂಡು ಒಮ್ಮೆ ಹಾಕಿದರೆ 48 ಗಂಟೆ ನೋಡಬಹುದು, ಆಮೇಲೆ ಮತ್ತೆ ದುಡ್ಡು ಕಟ್ಟಬೇಕು. ಜನ ಮೂಸಿಯೂ ನೋಡಲಿಲ್ಲ, 1999ರಲ್ಲಿ ಅಂಗಡಿ ಮುಚ್ಚಿತು. ಆ ಹೊತ್ತಿಗೇ ಜೆರೋಮ್ ರೋಟಾ ಎಂಬ ಫ್ರೆಂಚ್ ಹುಡುಗ ಮೈಕ್ರೋಸಾಫ್ಟಿನ ಎಂಪೆಗ್-4 ಕೋಡೆಕ್ಕಿನ ಬೀಗ ಮುರಿದು, ಎವಿಐ ಫೈಲುಗಳಿಗೆ ಒಗ್ಗಿಸಿದ. ಸತ್ತ ಡಿಸ್ಕಿನ ಹೆಸರನ್ನೇ ಇಟ್ಟು, ಪಕ್ಕದಲ್ಲೊಂದು ಕಣ್ಣು ಹೊಡೆಯೋ ಸ್ಮೈಲಿ ಸೇರಿಸಿದ. ಡಿವಿಡಿ ಸಿನಿಮಾ ಒಂದೇ 700 ಎಂಬಿ ಸಿಡಿಯೊಳಗೆ ಕೂತಿತು! ಆಮೇಲೆ ಅದೇ ಕಂಪನಿಯಾಯ್ತು. ತೆರೆದಿಟ್ಟಿದ್ದ ಕೋಡನ್ನು ಕಂಪನಿ ಮುಚ್ಚಿಕೊಂಡಾಗ, 2001ರಲ್ಲಿ ಕೆಲವರು ಹೊರಬಂದು ಹೆಸರನ್ನು ತಿರುಗಿಸಿ ‘ಎಕ್ಸ್‌ವಿಡ್’ ಶುರುಮಾಡಿದರು. ಚಿಪ್ ಮಾಡೋರು ಇದನ್ನು ಡಿವಿಡಿ ಪ್ಲೇಯರುಗಳಿಗೆ ಹಾಕಿದರು. ಕಾರಿನ ಸ್ಟೀರಿಯೋಗಳಿಗೂ ಅದು ಬಂತು.

ಬಂದು ಅಲ್ಲೇ ನಿಂತಿತು. ಫೋನು ನಾಲ್ಕು ವರ್ಷಕ್ಕೆ ಬದಲಾಗುತ್ತೆ, ಕಾರಿನ ಸ್ಟೀರಿಯೋ ಕಾರಿನ ಜೊತೆಗೇ ಮುದಿಯಾಗುತ್ತೆ. ಅದರ ಚಿಪ್ಪಿಗೆ ಹುಟ್ಟುವಾಗ ಕಲಿಸಿದ್ದಷ್ಟೇ ವಿದ್ಯೆ. ಈಗಿನ ವಿಡಿಯೋಗಳಲ್ಲಿ ಹೆಚ್ಚು ಬಳಕೆಯ ಎಚ್.264 ಬಂದದ್ದೂ 2003ರಲ್ಲೇ, ಆದರೆ ನನ್ನ ಸ್ಟೀರಿಯೋಗೆ ಅದು ಗೊತ್ತಿಲ್ಲ. ಎವಿಐ ಬೇಕು, ಚಿತ್ರ 720×576 ಮೀರಬಾರದು, ಪೆನ್‌ಡ್ರೈವ್ ಫ್ಯಾಟ್32 ಆಗಿರಬೇಕು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಮಡಿ ಅಂದ್ರೆ ಮಡಿ.

ಸರಿ, ಎಂಪಿ4 ಫೈಲನ್ನು ಎಕ್ಸ್‌ವಿಡ್‌ಗೆ ಕನ್ವರ್ಟ್ ಮಾಡಿದೆ. ಓಡಿತು. ಆದರೆ ಅಜ್ಜನ ಮುಖ ಬರೀ ಚೌಕಗಳು. ಮೂಲದ ಕ್ಯಾಸೆಟ್ಟಿನಿಂದ ವಿಸಿಡಿ, ವಿಸಿಡಿಯಿಂದ ಭಾವ ಮಾಡಿದ್ದ ಎಂಪಿ4, ಅದರಿಂದ ನನ್ನದು. ಪ್ರತಿ ಸಲವೂ ಕಣ್ಣಿಗೆ ಕಾಣಲಿಕ್ಕಿಲ್ಲ ಅಂದುಕೊಂಡದ್ದನ್ನು ಕೋಡೆಕ್ ಬಿಸಾಕುತ್ತೆ. ಮುಂದಿನದು ಹಿಂದಿನದರ ಕಲೆಗಳನ್ನೂ ಚಿತ್ರವೇ ಅಂತ ನಂಬಿ ಜೋಪಾನ ಮಾಡುತ್ತೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ಸಿಡಿನೇ ಟ್ರಂಕಲ್ಲಿ ಇದ್ಯಲ್ಲೋ” ಅಂದಳು. ಕೊರಿಯರ್ ಮಾಡಿಸಿಕೊಂಡೆ. ಎರಡನೇ ಡಿಸ್ಕಿನ ಲೇಪ ಎದ್ದುಹೋಗಿತ್ತು, ಯಾವ ಡ್ರೈವೂ ಓದಲಿಲ್ಲ. ಮೊದಲನೆಯದರಲ್ಲಿ ಡಿಎಟಿ ಅಂತ ಕೊನೆಯಾಗೋ ಒಂದೇ ದೊಡ್ಡ ಫೈಲು. ಒಳಗಿರೋದು ಅಪ್ಪಟ ಎಂಪೆಗ್-1, ನನ್ನ ಸ್ಟೀರಿಯೋಗೆ ಗೊತ್ತಿರೋ ಭಾಷೆ! ಅದನ್ನು ಮತ್ತೆ ಹಿಂಡೋದೇ ಬೇಡ. ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಹೊರಗಿನ ಹೊದಿಕೆಯನ್ನಷ್ಟೇ ಬದಲಿಸಿತು. ನಿಮಿಷವೂ ಹಿಡೀಲಿಲ್ಲ. ನಾನು ಎರಡು ರಾತ್ರಿ ಕಳೆದಿದ್ದೆ.

ಹ್ಯಾಂಡ್‌ಬ್ರೇಕ್ ಎಳೆಯದೆ ಚಿತ್ರ ಬರಲ್ಲ, ಅದು ನ್ಯಾಯವೇ. ತಿಪಟೂರಿನ ಹತ್ರ ಕಾಫಿಗೆ ನಿಲ್ಲಿಸಿ, ಊಟದ ಭಾಗಕ್ಕೆ ಓಡಿಸಿದೆ. ಪಂಕ್ತಿಯ ನಡುವೆ ನಿಂತು ಅಜ್ಜ ಬಡಿಸೋರನ್ನ ಕೂಗ್ತಿದ್ರು. ಅಜ್ಜಿ ಕನ್ನಡಕ ಏರಿಸಿ ಮುಂದೆ ಬಗ್ಗಿದರು.

“ಅವತ್ತು ಗಂಟಲು ಕಟ್ಟಿತ್ತು ಅವ್ರಿಗೆ. ಹಿಂದಿನ ರಾತ್ರಿಯಿಂದ ಕೂಗಿ ಕೂಗಿ.”

ಪಾಯಸ ಬರೋ ಹೊತ್ತಿಗೆ ಡಿಸ್ಕ್ ಮುಗಿದು ಪರದೆ ಕಪ್ಪಾಯ್ತು.

“ಮುಂದಿಂದು ಹಾಕೋ” ಅಂದರು.