ಪ್ರೌಢಶಾಲೆಯ ಇಂಗ್ಲಿಷ್ ಓದು-ಬರಹ: ‘ಬೆಂಗಳೂರು ಪ್ರಯೋಗ’ ಕಲಿಸಿದ ಪಾಠ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಾಗರಭಾವಿ ಹಾಗೂ ಮಲ್ಲತ್ತಹಳ್ಳಿಗಳ ನೆರೆಯಲ್ಲಿರುವ ಬಡಾವಣೆ ಅನ್ನಪೂರ್ಣೇಶ್ವರಿ ನಗರ. ಇಲ್ಲಿಂದ ಅನತಿ ದೂರದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಆ ಆವರಣದಲ್ಲಿ ಇಂಗ್ಲಿಷ್ ಕಲಿಸುವವರಿಗೇ ಇಂಗ್ಲಿಷ್ ಬೋಧನೆಯನ್ನು ಕಲಿಸುವ ಒಂದು ಸಂಸ್ಥೆಯಿದೆ. ಅದು 1963ರಲ್ಲಿ ಸ್ಥಾಪನೆಗೊಂಡ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಸುತ್ತಲಿನ ಬಡಾವಣೆಗಳ ಅನೇಕ ನಿವಾಸಿಗಳು ಇದರ ನಾಮಫಲಕವನ್ನು ಕಂಡಿರಬಹುದು. ಆದರೆ ಈ ಸಂಸ್ಥೆಯ ನೆರವಿನಿಂದ ಮೊದಲ್ಗೊಂಡ ಒಂದು ಪ್ರಯೋಗ ‘ಬೆಂಗಳೂರು ಪ್ರಯೋಗ’ ಎಂಬ ಹೆಸರಿನಲ್ಲಿ ಜಗತ್ತಿನ ಭಾಷಾಬೋಧನೆಯ ಪಠ್ಯಗಳಲ್ಲಿ ಸ್ಥಾನ ಪಡೆದಿದೆ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಕನ್ನಡ ಮಾಧ್ಯಮದ ಪ್ರೌಢಶಾಲಾ ವಿದ್ಯಾರ್ಥಿಗೆ ಇಂಗ್ಲಿಷ್ ಕೇವಲ ಒಂದು ಪರೀಕ್ಷಾ ವಿಷಯವಲ್ಲ. ಹತ್ತನೆಯ ತರಗತಿಯವರೆಗೆ ಭೌತಶಾಸ್ತ್ರ, ಗಣಿತಗಳನ್ನು ಕನ್ನಡದಲ್ಲಿ ಓದಿ ಉತ್ತಮ ಅಂಕ ಗಳಿಸಿದವನು ಪದವಿಪೂರ್ವ ವಿಜ್ಞಾನ ವಿಭಾಗಕ್ಕೆ ಕಾಲಿಟ್ಟೊಡನೆ ಅದೇ ವಿಷಯವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ, ಬರೆಯಬೇಕಾಗುತ್ತದೆ. ವಿಷಯ ತಿಳಿದಿದ್ದರೂ ವಾಕ್ಯ ಕಟ್ಟಲಾರದೆ ಹಿಂದುಳಿಯುವ ಸಂಕಟ ಆಗ ಎದುರಾಗುತ್ತದೆ. ಈ ಹಿನ್ನೆಲೆಯಲ್ಲಿ ಇಂಗ್ಲಿಷ್ ಓದು-ಬರಹದ ಅಭ್ಯಾಸ ಹೇಗಿರಬೇಕು ಎಂಬ ಪ್ರಶ್ನೆ ಮಹತ್ವ ಪಡೆಯುತ್ತದೆ.

ಶಾಲೆಯಲ್ಲಿ ಇಂಗ್ಲಿಷಿನ ಸ್ಥಾನ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಕಲಿಕೆ ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. 2007-08ನೇ ಸಾಲಿನಿಂದ ಅದನ್ನು ಒಂದನೆಯ ತರಗತಿಯಿಂದಲೇ ಒಂದು ಭಾಷಾ ವಿಷಯವಾಗಿ ಪರಿಚಯಿಸಲಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ 1994ರ ಸರ್ಕಾರಿ ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಒಪ್ಪಲಿಲ್ಲ. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳಿಗೆ ಅವಕಾಶ ನೀಡಲಾಯಿತು. ಹೀಗೆ ಮಾಧ್ಯಮದ ಕುರಿತ ವಾದವಿವಾದ ದಶಕಗಳ ಕಾಲ ನಡೆದಿದೆ. ಆದರೆ ಕನ್ನಡದಲ್ಲಿ ಕಲಿಯುವ ಮಗುವಿಗೆ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಬಗೆ ಯಾವುದು ಎಂಬ ಚರ್ಚೆ ಅಷ್ಟು ಗಟ್ಟಿಯಾಗಿ ಕೇಳಿಬಂದಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಆಯ್ದವರಿಗೆ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆ. 2014-15ರಲ್ಲಿ ನಿರಂತರ ಮೌಲ್ಯಮಾಪನ ಪದ್ಧತಿ ಬಂದ ಬಳಿಕ ಇದರ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾದವು. ಪಾಠಾಧಾರಿತ ಪ್ರಶ್ನೆಗಳು, ವ್ಯಾಕರಣ ಹಾಗೂ ಪದ್ಯದ ಸಾಲುಗಳ ಕಂಠಪಾಠದ ಜೊತೆಗೆ ಅಪರಿಚಿತ ಗದ್ಯಭಾಗವನ್ನು ಓದಿ ಉತ್ತರಿಸುವುದು, ಪತ್ರಲೇಖನ, ಪ್ರಬಂಧ, ಸುಳಿವುಗಳಿಂದ ಕಥೆ ಬೆಳೆಸುವುದು, ಚಿತ್ರ ನೋಡಿ ವಿವರಿಸುವುದು, ವ್ಯಕ್ತಿಯೊಬ್ಬರ ವಿವರಗಳಿಂದ ಪರಿಚಯ ಬರೆಯುವುದು ಪ್ರಶ್ನೆಪತ್ರಿಕೆಯ ಪರಿಚಿತ ಅಂಗಗಳು. ಇವುಗಳಲ್ಲಿ ಕೆಲವನ್ನು ಬಾಯಿಪಾಠದಿಂದ ದಾಟಬಹುದು. ಅಪರಿಚಿತ ಗದ್ಯಭಾಗವನ್ನು ಮಾತ್ರ ಹಾಗೆ ದಾಟಲಾಗದು. ಬಾಯಿಪಾಠದ ಮಿತಿ ಗೋಚರಿಸುವುದು ಅಲ್ಲಿಯೇ.

‘ಬೆಂಗಳೂರು ಪ್ರಯೋಗ’

1970ರ ದಶಕದವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ವಾಕ್ಯರಚನಾ ಕ್ರಮ ಪ್ರಬಲವಾಗಿತ್ತು. ಒಂದೊಂದು ಬಗೆಯ ವಾಕ್ಯವನ್ನು ಆಯ್ದು, ಅದನ್ನು ಮತ್ತೆ ಮತ್ತೆ ಹೇಳಿಸಿ ಬರೆಸುವ ಕ್ರಮವದು. ಅಭ್ಯಾಸದ ಹೊತ್ತಿನಲ್ಲಿ ಸರಿಯಾಗಿ ಹೇಳಿದ ವಾಕ್ಯವನ್ನು ವಿದ್ಯಾರ್ಥಿಗಳು ತರಗತಿಯ ಹೊರಗೆ ಬಳಸಲಾರದೆ ಹೋಗುತ್ತಿದ್ದರು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರನ್ನು ಕಾಡಿದ್ದು ಇದೇ ಸಮಸ್ಯೆ. ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ 1979ರಲ್ಲಿ ಆರಂಭವಾದ ಅವರ ಪ್ರಯೋಗ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದೆಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಯಿತು.

ಪ್ರಭು ಅವರ ನಿಲುವು ಸರಳವಾಗಿತ್ತು: ವಿದ್ಯಾರ್ಥಿಯ ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ಭಾಷೆಯ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ. ಆದ್ದರಿಂದ ವ್ಯಾಕರಣದ ಪಟ್ಟಿಗೆ ಬದಲಾಗಿ ಬಗೆಹರಿಸಬೇಕಾದ ಕೆಲಸಗಳ ಪಟ್ಟಿಯೇ ಪಠ್ಯಕ್ರಮವಾಯಿತು. ವೇಳಾಪಟ್ಟಿ ಓದಿ ಪ್ರಯಾಣವನ್ನು ಗೊತ್ತುಮಾಡುವುದು, ನಕ್ಷೆ ನೋಡಿ ದಾರಿ ಹೇಳುವುದು, ಕೊಟ್ಟ ವಿವರಗಳಿಂದ ಲೆಕ್ಕ ಹಾಕಿ ತೀರ್ಮಾನಕ್ಕೆ ಬರುವುದು ಇಂತಹ ಕೆಲಸಗಳು. ಮೊದಲು ಶಿಕ್ಷಕರು ಇಡೀ ತರಗತಿಯೊಡನೆ ಪ್ರಶ್ನೋತ್ತರದ ಮೂಲಕ ಒಂದು ಮಾದರಿ ಕೆಲಸವನ್ನು ಬಗೆಹರಿಸುತ್ತಿದ್ದರು. ಬಳಿಕ ಅದರಂತಹದೇ ಇನ್ನೊಂದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಸ್ವತಃ ಬಗೆಹರಿಸಬೇಕಿತ್ತು. ತಪ್ಪು ವಾಕ್ಯ ಬಂದರೆ ಶಿಕ್ಷಕರು ಸರಿಯಾದ ರೂಪವನ್ನು ಹೇಳಿ ಮುಂದೆ ಸಾಗುತ್ತಿದ್ದರು, ವ್ಯಾಕರಣದ ಉಪನ್ಯಾಸಕ್ಕೆ ಎಡೆಯಿರಲಿಲ್ಲ. ತರಗತಿಯ ಕನಿಷ್ಠ ಅರ್ಧದಷ್ಟು ಮಂದಿ ಕೆಲಸದ ಕನಿಷ್ಠ ಅರ್ಧ ಭಾಗವನ್ನು ಸರಿಯಾಗಿ ಮಾಡುವಂತಿದ್ದರೆ ಅದು ತಕ್ಕ ಮಟ್ಟದ ಸವಾಲು ಎಂಬುದು ಅವರ ಅಳತೆಗೋಲು. 1987ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥ ಈ ಅನುಭವವನ್ನು ಜಗತ್ತಿನ ಮುಂದಿಟ್ಟಿತು.

ಪ್ರಯೋಗದ ಫಲಿತಾಂಶವನ್ನು ಅಳೆದವರು ಎಡಿನ್‌ಬರೋದ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್. 1985ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ವಾಕ್ಯರಚನೆಯನ್ನೇ ಕೇಳುವ ಪರೀಕ್ಷೆಯಲ್ಲಿ ಹಳೆಯ ಕ್ರಮದ ವಿದ್ಯಾರ್ಥಿಗಳು ಮುಂದಿದ್ದರೆ, ಕೆಲಸ ಬಗೆಹರಿಸುವ ಪರೀಕ್ಷೆಯಲ್ಲಿ ಪ್ರಯೋಗದ ವಿದ್ಯಾರ್ಥಿಗಳು ಮೇಲುಗೈ ಸಾಧಿಸಿದರು. ಹೊಸ ಕ್ರಮವನ್ನು ಎಲ್ಲ ಶಿಕ್ಷಕರೂ ಸಮಾನವಾಗಿ ಅಳವಡಿಸಿಕೊಳ್ಳಲಾಗಲಿಲ್ಲ ಎಂಬುದೂ ಮುಂದಿನ ಅಧ್ಯಯನದಲ್ಲಿ ಕಂಡುಬಂತು. ಮಕ್ಕಳು ಯಾವುದನ್ನು ಅಭ್ಯಾಸ ಮಾಡುತ್ತಾರೋ ಅದರಲ್ಲಿಯೇ ಪಳಗುತ್ತಾರೆ ಎಂಬುದು ಇಲ್ಲಿನ ಸಾರ.

ಚೀನಾದ ತರಗತಿಗಳವರೆಗೆ

ಬೆಂಗಳೂರಿನ ಈ ಯತ್ನ ಮುಂದೆ ‘ಕಾರ್ಯಾಧಾರಿತ ಭಾಷಾಬೋಧನೆ’ ಎಂದು ಹೆಸರಾದ ವಿಧಾನಕ್ಕೆ ಆರಂಭದ ಪ್ರೇರಣೆಗಳಲ್ಲೊಂದಾಯಿತು. ಚೀನಾದ ಶಿಕ್ಷಣ ಸಚಿವಾಲಯ 2001ರಲ್ಲಿ ಹೊರತಂದ ಇಂಗ್ಲಿಷ್ ಪಠ್ಯಕ್ರಮದ ಮಾನದಂಡಗಳು ಇದೇ ವಿಧಾನವನ್ನು ಶಾಲೆಗಳಿಗೆ ಶಿಫಾರಸು ಮಾಡಿದವು. ಚೀನೀ ಭಾಷೆ, ಗಣಿತಗಳ ಸಾಲಿನಲ್ಲಿ ಇಂಗ್ಲಿಷ್ ಅಲ್ಲಿನ ಪ್ರೌಢಶಾಲೆಯ ಮುಖ್ಯ ವಿಷಯ. ಕಿಕ್ಕಿರಿದ ತರಗತಿ, ಪರೀಕ್ಷೆಯ ಭಯ, ಮನೆಯಲ್ಲಿ ಇಂಗ್ಲಿಷ್ ಆಡುವವರಿಲ್ಲದ ಸ್ಥಿತಿ ಇವೆಲ್ಲ ನಮ್ಮ ವಿದ್ಯಾರ್ಥಿಗೂ ಅಪರಿಚಿತವಲ್ಲ.

ಚೀನಾದಿಂದ ಕಲಿಯಬಹುದಾದ ಒಂದು ಅಭ್ಯಾಸವೂ ಇದೆ. 2016ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ‘ಓದಿ ಮುಂದುವರಿಸುವ’ ಪ್ರಶ್ನೆಯನ್ನು ಜಾರಿಗೆ ತರಲಾಯಿತು. ಸುಮಾರು 350 ಪದಗಳ ಅಪೂರ್ಣ ಕಥೆಯೊಂದನ್ನು ಓದಿ, ಅದನ್ನು ಸುಮಾರು 150 ಪದಗಳಲ್ಲಿ ವಿದ್ಯಾರ್ಥಿ ಮುಗಿಸಬೇಕು. ಇದರ ಹಿಂದಿನ ತತ್ವವನ್ನು ಪ್ರತಿಪಾದಿಸಿದವರು ಭಾಷಾವಿಜ್ಞಾನಿ ವಾಂಗ್ ಚುಮಿಂಗ್. ಕಥೆಯನ್ನು ಮುಂದುವರಿಸುವವನು ಅದರ ಪದ, ವಾಕ್ಯಗಳನ್ನು ಮತ್ತೆ ಮತ್ತೆ ತಿರುಗಿ ನೋಡುತ್ತಾನೆ, ತನಗರಿವಿಲ್ಲದೆಯೇ ಅನುಕರಿಸುತ್ತಾನೆ. ಓದು ಮತ್ತು ಬರಹ ಹೀಗೆ ಒಂದೇ ಕೆಲಸದ ಎರಡು ಮುಖಗಳಾಗುತ್ತವೆ.

ಕನ್ನಡದ ವಾಕ್ಯ, ಇಂಗ್ಲಿಷಿನ ವಾಕ್ಯ

ಕನ್ನಡಿಗ ವಿದ್ಯಾರ್ಥಿಯ ಇಂಗ್ಲಿಷ್ ತಪ್ಪುಗಳಲ್ಲಿ ಬಹಳಷ್ಟು ಅಜ್ಞಾನದಿಂದ ಬಂದವಲ್ಲ, ಅವುಗಳ ಹಿಂದೆ ಕನ್ನಡದ ನಿಯಮಗಳಿವೆ. ಆ ನಿಯಮಗಳನ್ನು ಗುರುತಿಸಿದರೆ ತಿದ್ದುಪಡಿ ಸುಲಭವಾಗುತ್ತದೆ.

ಪದಗಳ ಕ್ರಮ: ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ‘ಅವನು ಶಿಕ್ಷಕ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ. ‘ಹಿ ಟೀಚರ್’ ಎಂದು ಬರೆದವನು ‘ಈಸ್’ ಮತ್ತು ‘ಎ’ ಎರಡನ್ನೂ ಬಿಟ್ಟಿರುವುದು ಈ ಕಾರಣದಿಂದ.

ವಿಭಕ್ತಿ: ‘ಮನೆಯಲ್ಲಿ’, ‘ಪೆಟ್ಟಿಗೆಯಲ್ಲಿ’, ‘ಬಸ್ಸಿನಲ್ಲಿ’ ಎಂಬ ಮೂರಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಅವು ‘ಅಟ್ ಹೋಮ್’, ‘ಇನ್ ದ ಬಾಕ್ಸ್’, ‘ಆನ್ ದ ಬಸ್’ ಎಂದು ಮೂರು ದಾರಿ ಹಿಡಿಯುತ್ತವೆ. ಇವನ್ನು ಬಿಡಿ ಪದಗಳಾಗಿ ಕಲಿಯದೆ ಜೋಡಿಯಾಗಿಯೇ ನೆನಪಿಡುವುದು ಲೇಸು.

ಸರಣಿ ವಾಕ್ಯ: ‘ಎದ್ದು, ಸ್ನಾನ ಮಾಡಿ, ತಿಂಡಿ ತಿಂದು ಶಾಲೆಗೆ ಹೋದೆ’ ಎಂಬುದು ಕನ್ನಡದಲ್ಲಿ ಸಹಜ ವಾಕ್ಯ. ಇದನ್ನು ಇಂಗ್ಲಿಷಿಗೆ ತರುವಾಗ ಪ್ರತಿ ಕ್ರಿಯೆಗೂ ಭೂತಕಾಲದ ರೂಪ ಕೊಡಬೇಕು, ಅಗತ್ಯವಿದ್ದರೆ ಎರಡು ವಾಕ್ಯಗಳಾಗಿ ಒಡೆಯಬೇಕು.

ಉಕ್ತಿಯ ಬದಲಾವಣೆ: ರಾಮನು ತನ್ನ ಬರವನ್ನು ಕುರಿತು ಆಡಿದ ಮಾತನ್ನು ಕನ್ನಡದಲ್ಲಿ ‘ನಾನು ಬರುತ್ತೇನೆ ಎಂದು ರಾಮ ಹೇಳಿದ’ ಎನ್ನಬಹುದು, ‘ನಾನು’ ಬದಲಾಗಬೇಕಾಗಿಲ್ಲ. ಇಂಗ್ಲಿಷಿನ ಪರೋಕ್ಷ ಉಕ್ತಿಯಲ್ಲಿ ‘ಐ’ ಹೋಗಿ ‘ಹಿ’ ಬರುತ್ತದೆ, ‘ವಿಲ್’ ಹೋಗಿ ‘ವುಡ್’ ಬರುತ್ತದೆ. ಈ ಪ್ರಶ್ನೆಯಲ್ಲಿ ಅಂಕ ಕಳೆದುಕೊಳ್ಳುವವರು ಈ ಒಂದು ವ್ಯತ್ಯಾಸವನ್ನು ಮನಗಂಡರೆ ಸಾಕು.

ಕಾಗುಣಿತ: ಕನ್ನಡದಲ್ಲಿ ಉಚ್ಚರಿಸಿದಂತೆ ಬರೆಯುವುದು ಸಾಮಾನ್ಯ ನಿಯಮ. ಇಂಗ್ಲಿಷಿನ ‘ಸಿ’ ಅಕ್ಷರ ‘ಕ್ಯಾಟ್’ನಲ್ಲಿ ಕಕಾರ, ‘ಸಿಟಿ’ಯಲ್ಲಿ ಸಕಾರ. ‘ನೈಫ್’ ಪದದ ಮೊದಲಿಗೆ ಉಚ್ಚಾರಣೆಯಿಲ್ಲದ ‘ಕೆ’ ಇದೆ. ಆದ್ದರಿಂದ ಇಂಗ್ಲಿಷ್ ಕಾಗುಣಿತವನ್ನು ಕಣ್ಣು ಮತ್ತು ಕೈಗಳಿಂದ ಕಲಿಯಬೇಕು. ಪದವನ್ನು ನೋಡಿ, ಮುಚ್ಚಿ, ಬರೆದು, ತೆರೆದು ಹೋಲಿಸುವುದು ಹಳೆಯದಾದರೂ ಫಲಕಾರಿ ಮಾರ್ಗ.

ಓದಿನ ಅಭ್ಯಾಸ

ಪಠ್ಯವನ್ನು ಗಟ್ಟಿಯಾಗಿ ಓದುವುದು ಉಚ್ಚಾರಣೆಗೆ ಒಳ್ಳೆಯದು. ಅರ್ಥಗ್ರಹಣಕ್ಕೆ ಮೌನವಾಚನವೇ ಬೇಕು. ಮೊದಲ ಓದಿನಲ್ಲಿ ನಿಘಂಟು ತೆರೆಯದೆ, ಯಾರು, ಎಲ್ಲಿ, ಏನಾಯಿತು ಎಂಬುದನ್ನಷ್ಟೇ ಹಿಡಿಯಬೇಕು. ತಿಳಿಯದ ಪದದ ಅರ್ಥವನ್ನು ಹಿಂದುಮುಂದಿನ ವಾಕ್ಯಗಳಿಂದ ಊಹಿಸಿ, ಎರಡನೆಯ ಓದಿನ ನಂತರ ನಿಘಂಟಿನಲ್ಲಿ ಪರಿಶೀಲಿಸಬೇಕು. ಪ್ರತಿ ಪದಕ್ಕೂ ಕನ್ನಡದ ಅರ್ಥವನ್ನು ಪುಸ್ತಕದ ಸಾಲುಗಳ ನಡುವೆ ಬರೆಯುತ್ತ ಹೋದರೆ ಕಣ್ಣು ಕನ್ನಡವನ್ನೇ ಓದುತ್ತದೆ, ಇಂಗ್ಲಿಷನ್ನಲ್ಲ.

ಪುಟದ ತುಂಬ ಅಪರಿಚಿತ ಪದಗಳಿರುವ ಪುಸ್ತಕ ಆರಂಭದ ಅಭ್ಯಾಸಕ್ಕೆ ತಕ್ಕುದಲ್ಲ. ಎರಡು-ಮೂರು ತರಗತಿ ಕೆಳಗಿನ ಇಂಗ್ಲಿಷ್ ಪಠ್ಯವನ್ನು ಸರಾಗವಾಗಿ ಓದುವುದರಲ್ಲಿ ಅವಮಾನವೇನೂ ಇಲ್ಲ. ಪಠ್ಯಪುಸ್ತಕದ ಪೂರಕ ಓದಿನ ಕಥೆಗಳು, ಸಾರ್ವಜನಿಕ ಗ್ರಂಥಾಲಯದ ಮಕ್ಕಳ ಪುಸ್ತಕಗಳು, 2020ರಲ್ಲಿ ಆರಂಭವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇವೆಲ್ಲ ಖರ್ಚಿಲ್ಲದೆ ದೊರೆಯುವ ಸಾಮಗ್ರಿ. ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ, ಬಳಿಕ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದರೆ ವಿಷಯ ಮೊದಲೇ ತಿಳಿದಿರುವುದರಿಂದ ಭಾಷೆಯ ಕಡೆಗೆ ಗಮನ ಹರಿಯುತ್ತದೆ.

ಬೀದಿಯೂ ಪಾಠಶಾಲೆಯಾಗಬಲ್ಲದು. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ ನಿಯಮ 2024ರಲ್ಲಿ ಕಾನೂನಾಯಿತು. ಎರಡೂ ಭಾಷೆಗಳಿರುವ ಫಲಕವನ್ನು ಹೋಲಿಸಿ ನೋಡುವುದು ವಿದ್ಯಾರ್ಥಿಗೆ ಪುಟ್ಟ ಅನುವಾದದ ಅಭ್ಯಾಸ. ಮನೆಗೆ ಬರುವ ವಿದ್ಯುತ್ ಬಿಲ್, ಔಷಧದ ಪೊಟ್ಟಣದ ಸೂಚನೆ, ಬಸ್ಸಿನ ವೇಳಾಪಟ್ಟಿ ಇವು ಪ್ರಭು ಅವರ ವಿಧಾನಕ್ಕೆ ಹೇಳಿ ಮಾಡಿಸಿದ ಪಠ್ಯಗಳು. ಅನ್ನಪೂರ್ಣೇಶ್ವರಿ ನಗರದಿಂದ ಹೊರಟು ಮಧ್ಯಾಹ್ನ 3 ಗಂಟೆಗೆ ಮೆಜೆಸ್ಟಿಕ್ ತಲುಪಬೇಕಾದವರು ಯಾವ ಬಸ್ಸು ಹಿಡಿಯಬೇಕು, ಅದು ತಪ್ಪಿದರೆ ಜ್ಞಾನಭಾರತಿ ಮೆಟ್ರೊ ನಿಲ್ದಾಣಕ್ಕೆ ಹೋಗುವುದು ವಾಸಿಯೇ ಎಂಬ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಕಾರಣಸಹಿತ ಉತ್ತರ ಬರೆಯಲು ನಾಲ್ಕು ವಾಕ್ಯ ಸಾಕು. ಆ ನಾಲ್ಕು ವಾಕ್ಯಗಳಲ್ಲಿ ಕಾಲ, ಷರತ್ತು, ಹೋಲಿಕೆ ಮೂರೂ ಬಂದು ಹೋಗುತ್ತವೆ.

ಬರಹದ ಅಭ್ಯಾಸ

ಮಾರುಕಟ್ಟೆಯ ಮಾರ್ಗದರ್ಶಿಗಳಿಂದ ಪ್ರಬಂಧವನ್ನು ನಕಲು ಮಾಡುವುದಕ್ಕಿಂತ ದಿನಕ್ಕೆ ಐದು ಸ್ವಂತ ವಾಕ್ಯ ಬರೆಯುವುದು ಮೇಲು. ಮೊದಲಿಗೆ ವಿಷಯವನ್ನು ಕನ್ನಡದಲ್ಲಿ ಯೋಚಿಸುವುದು ತಪ್ಪಲ್ಲ. ಉದ್ದನೆಯ ಕನ್ನಡ ವಾಕ್ಯ ಬರೆದು ಅದನ್ನು ಪದಕ್ಕೆ ಪದವಾಗಿ ಅನುವಾದಿಸುವುದರಿಂದ ಮಾತ್ರ ತೊಡಕು ಹುಟ್ಟುತ್ತದೆ. ಹೇಳಬೇಕಾದುದನ್ನು ಬಿಡಿ ಬಿಡಿ ಅಂಶಗಳಾಗಿ ಗುರುತಿಸಿ, ಒಂದೊಂದಕ್ಕೂ ಚಿಕ್ಕ ಇಂಗ್ಲಿಷ್ ವಾಕ್ಯ ಕಟ್ಟಿ, ಕೊನೆಗೆ ಜೋಡಿಸುವುದು ಸುಗಮ ಮಾರ್ಗ.

ತಿದ್ದುವವರು ಎಲ್ಲ ತಪ್ಪುಗಳಿಗೂ ಕೆಂಪು ಗೆರೆ ಎಳೆಯಬೇಕಾಗಿಲ್ಲ. ಒಂದು ವಾರ ಕ್ರಿಯಾಪದದ ಕಾಲವನ್ನು, ಇನ್ನೊಂದು ವಾರ ‘ಎ’, ‘ದ’ಗಳನ್ನು ಮಾತ್ರ ನೋಡಿದರೆ ವಿದ್ಯಾರ್ಥಿಗೆ ತನ್ನ ದೋಷದ ಸ್ವರೂಪ ಅರಿವಾಗುತ್ತದೆ. ತಿದ್ದಿದ ಬರಹವನ್ನು ವಿದ್ಯಾರ್ಥಿ ಮತ್ತೊಮ್ಮೆ ಶುದ್ಧವಾಗಿ ಬರೆಯುವುದು ಅಗತ್ಯ. ಇಂಗ್ಲಿಷ್ ತಿಳಿಯದ ತಂದೆ-ತಾಯಿಯರೂ ನೆರವಾಗಬಲ್ಲರು: ಮಗು ಬರೆದುದನ್ನು ಕನ್ನಡದಲ್ಲಿ ವಿವರಿಸಲು ಹೇಳಿದರೆ, ತನಗೆ ಅರ್ಥವಾದುದೆಷ್ಟು, ನಕಲು ಮಾಡಿದುದೆಷ್ಟು ಎಂಬುದು ಮಗುವಿಗೇ ತಿಳಿಯುತ್ತದೆ. ಯಂತ್ರಾನುವಾದದ ಸೌಲಭ್ಯ ಇಂದು ಮೊಬೈಲಿನಲ್ಲೇ ಇದೆ. ಬರೆದ ನಂತರ ಹೋಲಿಸಿ ನೋಡಲು ಅದು ಸಹಾಯಕ, ಬರೆಯುವ ಮೊದಲೇ ತೆರೆದರೆ ಅಭ್ಯಾಸವೇ ಇಲ್ಲವಾಗುತ್ತದೆ.

ಕನ್ನಡ ಬಲವಾಗಿದ್ದರೆ ಇಂಗ್ಲಿಷ್ ಸೊರಗುತ್ತದೆ ಎಂಬ ಆತಂಕಕ್ಕೆ ನಾಡಿನ ಇತಿಹಾಸದಲ್ಲಿ ಆಧಾರವಿಲ್ಲ. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು 1981ರಲ್ಲಿ ವರದಿ ನೀಡಿದ ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಒಂದು ಭಾಷೆಯಲ್ಲಿ ಅರ್ಥವನ್ನು ಹುಡುಕಲು ಕಲಿತವನಿಗೆ ಇನ್ನೊಂದರಲ್ಲಿ ಹುಡುಕುವುದು ಹೊಸ ವಿದ್ಯೆಯಲ್ಲ, ಹೊಸ ಅಭ್ಯಾಸ. ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿ ತರಗತಿಗಳು ತೆರೆಯುವ ನಡುವಿನ ವಾರಗಳಲ್ಲಿ, ಹತ್ತನೆಯ ತರಗತಿಯ ವಿಜ್ಞಾನ ಪಠ್ಯದ ಇಂಗ್ಲಿಷ್ ಆವೃತ್ತಿಯನ್ನು ಕನ್ನಡ ಪುಸ್ತಕದ ಪಕ್ಕದಲ್ಲಿಟ್ಟು ದಿನಕ್ಕೆರಡು ಪುಟ ಓದಿ, ಓದಿದ್ದನ್ನು ಐದು ವಾಕ್ಯಗಳಲ್ಲಿ ಬರೆಯುವ ವಿದ್ಯಾರ್ಥಿ ಕಾಲೇಜಿನ ಮೊದಲ ದಿನ ಅಪರಿಚಿತನಾಗಿ ಕೂರಬೇಕಾಗುವುದಿಲ್ಲ.