"ಕಾಣಿಸ್ತಿದೆ" ಅಂದ್ರೆ ಸಾಕಾ? | ಹಳೇ ಪುಟಗಳು, ಭಾಗ 6

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಬಸ್ಸಲ್ಲಿ ಹೋಗುವಾಗ ಜಕ್ಕೂರಿನ ಕಡೆಯಿಂದ ಒಂದು ಪುಟ್ಟ ವಿಮಾನ ಮೇಲೇರೋದನ್ನ ನಿಮ್ಮಲ್ಲಿ ಕೆಲವರಾದ್ರೂ ನೋಡಿರ್ತೀರಿ. ಅದೇ ರಸ್ತೆಯಲ್ಲಿ ಮುಂದೆ ಹೋದ್ರೆ ಕೆಂಪೇಗೌಡ ವಿಮಾನ ನಿಲ್ದಾಣ, ಅಲ್ಲಿ ನೂರಾರು ಜನ ಕೂರುವ ಜೆಟ್‌ಗಳು. ಇಂಥ ದೊಡ್ಡದು, ಚಿಕ್ಕದು ಎರಡೂ ಒಂದೇ ಆಕಾಶದಲ್ಲಿ ಹಾರುವಾಗ ಯಾರು ಯಾರನ್ನ ನೋಡ್ಕೋಬೇಕು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೆ ತೆತ್ತ ಬೆಲೆ ಮಾತ್ರ ತುಂಬಾ ದೊಡ್ಡದು.

📍 ಸ್ಯಾನ್ ಡಿಯಾಗೊ, 25 ಸೆಪ್ಟೆಂಬರ್ 1978

ಬೆಳಗ್ಗೆ ಒಂಬತ್ತು ಗಂಟೆ. ಆಕಾಶ ತಿಳಿಯಾಗಿತ್ತು. ಪಿಎಸ್‌ಎ ಕಂಪನಿಯ ಬೋಯಿಂಗ್ 727, ಫ್ಲೈಟ್ 182, 135 ಜನರನ್ನ ಹೊತ್ತು ಇಳಿಯೋಕೆ ಬರ್ತಿತ್ತು. ಅದರ ಮುಂದೆ, ಸ್ವಲ್ಪ ಕೆಳಗೆ, ಒಂದು ಸೆಸ್ನಾ 172. ಅದರಲ್ಲಿ ಇಬ್ಬರೇ, ಒಬ್ಬರು ಕಲಿಸೋರು, ಒಬ್ಬರು ಕಲಿಯೋರು.

ಕಂಟ್ರೋಲರ್ ಜೆಟ್‌ಗೆ ಎಚ್ಚರಿಕೆ ಕೊಟ್ರು: ನಿಮ್ಮ ಮುಂದೆ ಒಂದು ಸೆಸ್ನಾ ಇದೆ. ಪೈಲಟ್‌ಗಳು "ಕಾಣಿಸ್ತಿದೆ" ಅಂದ್ರು.

ಇಲ್ಲಿ ಸ್ವಲ್ಪ ನಿಲ್ಲಿ. ಆಗಿನ ನಿಯಮದ ಪ್ರಕಾರ ಪೈಲಟ್ "ಕಾಣಿಸ್ತಿದೆ" ಅಂದ ಕ್ಷಣದಿಂದ ದೂರ ಕಾಯ್ದುಕೊಳ್ಳುವ ಜವಾಬ್ದಾರಿ ಅವರ ಕಣ್ಣಿಗೆ ವರ್ಗ ಆಗುತ್ತೆ. ಕಣ್ಣು ತಪ್ಪಿದ್ರೆ, ತಕ್ಷಣ ಬಾಯಿಬಿಟ್ಟು ಹೇಳಬೇಕು.

ಕಣ್ಣು ತಪ್ಪಿತು. ಸೆಸ್ನಾ ತಮ್ಮ ಬಲಕ್ಕೆ ದಾಟಿ ಹೋಗಿರಬೇಕು ಅಂತ ಪೈಲಟ್ ರೇಡಿಯೋದಲ್ಲಿ ಹೇಳಿದ್ರು. ಟವರ್‌ನಲ್ಲಿದ್ದವರಿಗೆ ಕೇಳಿಸಿದ್ದು "ದಾಟಿ ಹೋಗ್ತಾ ಇದೆ" ಅನ್ನೋ ಥರ. ಅಂದ್ರೆ ಇವರಿಗೆ ಇನ್ನೂ ಕಾಣ್ತಿದೆ ಅಂತ ಅವರು ನಂಬಿದ್ರು. ಕಾಕ್‌ಪಿಟ್ ಒಳಗೆ ಒಬ್ಬರು ಆ ಸೆಸ್ನಾದಿಂದ ನಾವು ಪಾರಾದ್ವಾ ಅಂತ ಕೇಳಿದಾಗ ಬಂದ ಉತ್ತರಗಳೂ ಹಾಗೇ. ಆಗಿರಬೇಕು, ಅನ್ಸುತ್ತೆ, ಆಗಿದ್ರೆ ಸಾಕು. ಯಾರೂ ಖಚಿತವಾಗಿ ಹೇಳಲಿಲ್ಲ.

ಸೆಸ್ನಾದವರೂ ತಮಗೆ ಕೊಟ್ಟ ದಿಕ್ಕು ಬಿಟ್ಟು ಸ್ವಲ್ಪ ಬಲಕ್ಕೆ ತಿರುಗಿದ್ರು, ಯಾರಿಗೂ ಹೇಳಲಿಲ್ಲ. ಡಿಕ್ಕಿಗೆ 19 ಸೆಕೆಂಡ್ ಮೊದಲು ರಾಡಾರ್ ಕೇಂದ್ರದಲ್ಲಿ ಅಲಾರಂ ಹೊಡೀತು. ಆದ್ರೆ ಜೆಟ್‌ನವರು "ಕಾಣಿಸ್ತಿದೆ" ಅಂದಾಗಿತ್ತಲ್ಲ! ಆ ಜೆಟ್‌ಗೆ ನೀವು ಕಾಣಿಸ್ತಿದ್ದೀರಿ ಅಂತ ಸೆಸ್ನಾಗೆ ಒಂದು ಮಾತು ತಿಳಿಸಿದ್ರು, ಅಷ್ಟೇ.

ಸುಮಾರು 2,600 ಅಡಿ ಎತ್ತರದಲ್ಲಿ ಜೆಟ್ ಹಿಂದಿನಿಂದ, ಮೇಲಿನಿಂದ ಸೆಸ್ನಾ ಮೇಲೆ ಇಳೀತು. ವಿಮಾನಗಳಲ್ಲಿದ್ದ 137 ಜನ, ಕೆಳಗೆ ನಾರ್ತ್ ಪಾರ್ಕ್ ಬಡಾವಣೆಯಲ್ಲಿ 7 ಜನ. ಒಟ್ಟು 144.

ಬಲ ರೆಕ್ಕೆಗೆ ಬೆಂಕಿ ಹತ್ತಿ ಜೆಟ್ ಬೀಳ್ತಿರೋ ಫೋಟೋ ಇದೆ, ಹತ್ತಿರದಲ್ಲೇ ಬೇರೆ ಕೆಲಸಕ್ಕೆ ಬಂದಿದ್ದ ಫೋಟೋಗ್ರಾಫರ್ ಒಬ್ಬರು ತೆಗೆದದ್ದು. ಅದನ್ನ ಇಲ್ಲಿ ಹಾಕಿಲ್ಲ. ಆ ಕ್ಷಣ ಒಳಗಿದ್ದ ಅಷ್ಟೂ ಜನ ಬದುಕಿದ್ರು ಅನ್ನೋದು ನೆನಪಾದ್ರೆ ಹಾಕೋಕೆ ಕೈ ಬರಲ್ಲ. ಮೊದಲ ಸ್ಲೈಡಲ್ಲಿ ನಾನೇ ಬಿಡಿಸಿದ ನಕ್ಷೆ ಇದೆ, ಅದು ಸಾಕು.

❓ ಅಷ್ಟು ತಿಳಿ ಆಕಾಶದಲ್ಲಿ ಯಾಕೆ ಕಾಣಲಿಲ್ಲ?

ನಮ್ಮ ಕಣ್ಣು ಅಲುಗಾಡುವುದನ್ನ ಬೇಗ ಹಿಡಿಯುತ್ತೆ. ಆದ್ರೆ ನೇರ ಡಿಕ್ಕಿಯ ದಾರಿಯಲ್ಲಿರೋ ವಿಮಾನ ಗಾಜಿನ ಮೇಲೆ ಒಂದೇ ಜಾಗದಲ್ಲಿ ನಿಂತ ಚುಕ್ಕೆ. ಕೊನೆಯ ಕೆಲವು ಸೆಕೆಂಡುಗಳವರೆಗೂ ಅದು ಚುಕ್ಕೆಯಾಗೇ ಇರುತ್ತೆ. ಇಲ್ಲಂತೂ ಸೆಸ್ನಾದ ಹಿಂದೆ ಬಣ್ಣಬಣ್ಣದ ಮನೆಗಳ ಸಾಲು. ಸೆಸ್ನಾದವರಿಗೋ, ರೆಕ್ಕೆ ತಲೆಯ ಮೇಲಿದ್ದು ಹಿಂದೆ ಮೇಲಿಂದ ಬರೋದು ಕಾಣೋ ಹಾಗೇ ಇರಲಿಲ್ಲ.

📍 ಸೆರಿಟೋಸ್, 31 ಆಗಸ್ಟ್ 1986

ಎಂಟು ವರ್ಷ ಆದ್ಮೇಲೆ, ಅದೇ ರಾಜ್ಯ. ಏರೋಮೆಕ್ಸಿಕೋದ ಡಿಸಿ-9 ಲಾಸ್ ಏಂಜಲೀಸ್‌ಗೆ ಇಳೀತಿತ್ತು. ಒಂದು ಪುಟ್ಟ ಪೈಪರ್ ವಿಮಾನ ಅನುಮತಿ ಇಲ್ಲದೆ ದೊಡ್ಡ ವಿಮಾನಗಳಿಗೆ ಮೀಸಲಾದ ವಾಯುಪ್ರದೇಶದೊಳಗೆ ಬಂತು. ಅದರ ಟ್ರಾನ್ಸ್‌ಪಾಂಡರ್ ತನ್ನ ಎತ್ತರ ಎಷ್ಟು ಅಂತ ರಾಡಾರ್‌ಗೆ ಹೇಳ್ತಿರಲಿಲ್ಲ. ಹಾಗೇ ನುಗ್ಗಿದ ಇನ್ನೊಂದು ಚಿಕ್ಕ ವಿಮಾನದ ಗೊಂದಲದಲ್ಲಿ ಕಂಟ್ರೋಲರ್ ಮುಳುಗಿದ್ರು. ಸುಮಾರು 6,500 ಅಡಿಯಲ್ಲಿ ಪೈಪರ್ ಡಿಸಿ-9ರ ಬಾಲದ ರೆಕ್ಕೆಗೆ ಬಡೀತು. ಇಬ್ಬರೂ ತಪ್ಪಿಸಿಕೊಳ್ಳೋಕೆ ಪ್ರಯತ್ನಿಸಿದ ಕುರುಹೇ ತನಿಖೆಯಲ್ಲಿ ಸಿಗಲಿಲ್ಲ. ಡಿಸಿ-9ರಲ್ಲಿ 64, ಪೈಪರ್‌ನಲ್ಲಿ 3, ನೆಲದ ಮೇಲೆ 15. ಒಟ್ಟು 82 ಜೀವ.

📦 ಆಮೇಲೆ ಬಂದ ಪೆಟ್ಟಿಗೆ

1987ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡ್ತು. ಅದರಿಂದ 1993ರ ಕೊನೆ ಹೊತ್ತಿಗೆ 30ಕ್ಕಿಂತ ಹೆಚ್ಚು ಸೀಟಿನ ವಿಮಾನಗಳಲ್ಲೆಲ್ಲ ಟಿಕಾಸ್ ಕಡ್ಡಾಯ ಆಯ್ತು. ಟಿಕಾಸ್ ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳನ್ನ ಕೇಳ್ತಾನೇ ಇರುತ್ತೆ: ಎಲ್ಲಿದ್ದೀಯ, ಎಷ್ಟು ಎತ್ತರದಲ್ಲಿದ್ದೀಯ? ಅದು ಮುಖ್ಯವಾಗಿ ನೋಡೋದು ಬರೀ ದೂರವನ್ನಲ್ಲ, ಡಿಕ್ಕಿಗೆ ಎಷ್ಟು ಸೆಕೆಂಡ್ ಉಳಿದಿದೆ ಅಂತ. ಅಪಾಯ ಅನ್ನಿಸಿದ್ರೆ ಏರು ಅಥವಾ ಇಳಿ ಅಂತ ಪೈಲಟ್‌ಗೆ ನೇರವಾಗಿ ಹೇಳುತ್ತೆ.

ನಮ್ಮ ದೇಶಕ್ಕೂ ಈ ಪಾಠ ಸಾವಿನ ಮೂಲಕವೇ ಬಂತು. 12 ನವೆಂಬರ್ 1996, ಹರಿಯಾಣದ ಚರ್ಖಿ ದಾದ್ರಿ. ಅಲ್ಲಿ ಡಿಕ್ಕಿಯಾದವು ಎರಡೂ ದೊಡ್ಡ ವಿಮಾನಗಳೇ, ಸತ್ತವರು 349. ಆಮೇಲೆ ಇಲ್ಲೂ ಟಿಕಾಸ್ ಕಡ್ಡಾಯ ಆಯ್ತು.

ಆದ್ರೆ ಒಂದು ಮಾತು ಮರೀಬೇಡಿ. ಎದುರಿನ ವಿಮಾನ ಉತ್ತರ ಕೊಟ್ರೆ ಮಾತ್ರ ಟಿಕಾಸ್‌ಗೆ ಅದು ಗೊತ್ತಾಗೋದು. ಪುಟ್ಟ ವಿಮಾನದ ಟ್ರಾನ್ಸ್‌ಪಾಂಡರ್ ಆಫ್ ಆಗಿದ್ರೆ ಮತ್ತೆ ಕಣ್ಣೇ ಗತಿ. ಅದಕ್ಕೇ ಅಮೆರಿಕದಲ್ಲಿ ದೊಡ್ಡ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿ ಒಳಗೆ, ಕೆಲವು ವಿನಾಯಿತಿ ಬಿಟ್ರೆ, ಚಿಕ್ಕ ವಿಮಾನವೂ ತನ್ನ ಎತ್ತರ ಹೇಳಲೇಬೇಕು ಅಂತ ನಿಯಮ ತಂದ್ರು.

ನಾನು ಬಿಕಾಂ ಹುಡುಗ, ಪೈಲಟ್ ಅಲ್ಲ. ಆದ್ರೂ ಇದನ್ನ ಓದುವಾಗ ನೆನಪಾಗಿದ್ದು ನಮ್ಮ ಆಡಿಟಿಂಗ್ ಕ್ಲಾಸು. ಬಾಯಿಮಾತನ್ನ ನಂಬಿ ಸಹಿ ಹಾಕಬೇಡಿ, ವೋಚರ್ ನೋಡಿ ಅಂತಾರಲ್ಲ, ಅದೇ. ಕಾಲೇಜು ಫೆಸ್ಟಿನ ಲೆಕ್ಕಕ್ಕೆ ನಾನೇ "ಸರಿ ಇರ್ಬೇಕು ಬಿಡೋ" ಅಂತ ಸಹಿ ಹಾಕಿದ್ದೆ. ಅಲ್ಲಿ ಹೋಗಿದ್ದು ಬರೀ ದುಡ್ಡು, ಎಲ್ಲರೂ ಸೇರಿ ತುಂಬಿದ್ವಿ. ಸ್ಯಾನ್ ಡಿಯಾಗೊದಲ್ಲಿ ತುಂಬಿಕೊಡೋಕೆ ಆಗದೇ ಇರೋದು ಹೋಯ್ತು.

ಅವತ್ತು ಯಾರೂ ಸುಳ್ಳು ಹೇಳಿರಲಿಲ್ಲ ನೋಡಿ. "ಈಗ ಕಾಣ್ತಿಲ್ಲ" ಅನ್ನೋ ಎರಡು ಪದ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ನಿಮ್ಮ ಪ್ರಾಜೆಕ್ಟಲ್ಲೋ, ಕೆಲಸದಲ್ಲೋ "ಇರಬೇಕು" ಅಂತ ಬಿಟ್ಟು ಪೇಚಿಗೆ ಸಿಕ್ಕಿದ್ದಿದ್ರೆ ಕಾಮೆಂಟಲ್ಲಿ ಬರೀರಿ. ಪೈಲಟ್ ಆಗೋ ಕನಸಿರೋ ಗೆಳೆಯರಿಗೆ ಇದನ್ನ ಕಳಿಸಿ. ಭಾಗ 7ರಲ್ಲಿ ಸಿಗೋಣ 🙏

#ಹಳೇಪುಟಗಳು #ವಿಮಾನಇತಿಹಾಸ #ಕನ್ನಡದಲ್ಲಿಇತಿಹಾಸ