ನಾಲ್ಕಾಣೆಯ ಚಂದಾ, ಘಟ್ಟದಾಚೆಯ ಸಮಿತಿ

ಚಳವಳಿಗಳ ಚರಿತ್ರೆ ಓದುವಾಗಲೆಲ್ಲ ನನಗೆ ಒಂದು ಪ್ರಶ್ನೆ ಕಾಡುತ್ತದೆ: ದುಡ್ಡು ಎಲ್ಲಿಂದ ಬಂತು? ಭಾಷಣ, ಮೆರವಣಿಗೆ, ಜೈಲುವಾಸಗಳ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಧಾರಾಳವಾಗಿ ಹೇಳುತ್ತವೆ. ಕಚೇರಿಯ ಬಾಡಿಗೆ, ಕರಪತ್ರದ ಮುದ್ರಣ, ಜೈಲಿಗೆ ಹೋದವನ ಮನೆಯ ಅಕ್ಕಿಯ ಖರ್ಚು ಅಲ್ಲಿ ಕಾಣುವುದು ಕಡಿಮೆ. ಮಂಗಳೂರಿನ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಇಲ್ಲಿ ಎತ್ತಿದ ಚಂದಾಹಣ ಯಾರ ಲೆಕ್ಕಕ್ಕೆ ಸೇರಬೇಕಿತ್ತು?

1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ, ದಕ್ಷಿಣ ಕನ್ನಡವನ್ನು ಮದರಾಸಿನಲ್ಲೇ ಉಳಿಸಿಕೊಂಡರು. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದೂ ಮಲಬಾರಿನ ಕಡೆಯಿಂದಲೇ. ಘಟ್ಟ ಹತ್ತಿ ಹಾಸನಕ್ಕೆ ಹೋಗುವ ರೈಲಿಗೆ ಈ ಊರು 1979ರ ತನಕ ಕಾಯಬೇಕಾಯಿತು. ಆಡಳಿತ, ಉನ್ನತ ನ್ಯಾಯಾಲಯ, ರೈಲು ಎಲ್ಲವೂ ಮಂಗಳೂರನ್ನು ಮದರಾಸಿನತ್ತ ಎಳೆಯುತ್ತಿದ್ದವು. ಧಾರವಾಡ, ಬೆಳಗಾವಿಗಳು ಭಾಷೆಯಲ್ಲಿ ಹತ್ತಿರ, ದಾರಿಯಲ್ಲಿ ದೂರ.

1920ರ ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಹೊಸ ಸಂವಿಧಾನವನ್ನು ಒಪ್ಪಿಕೊಂಡಿತು. ಭಾಷೆಯ ಆಧಾರದ ಮೇಲೆ 21 ಕಾಂಗ್ರೆಸ್ ಪ್ರಾಂತ್ಯಗಳಾದವು. ಅವುಗಳಲ್ಲಿ ಕರ್ನಾಟಕವೂ ಒಂದು. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಅದರ ಮುಂದಾಳು. ಮಂಗಳೂರಿನ ಕಾಂಗ್ರೆಸ್ಸಿಗರು ಕಂದಾಯವನ್ನು ಮದರಾಸು ಸರ್ಕಾರಕ್ಕೆ ಕಟ್ಟುತ್ತಲೇ, ಚಂದಾವನ್ನು ಕರ್ನಾಟಕದ ಲೆಕ್ಕಕ್ಕೆ ಕೊಡುವವರಾದರು. ಸರ್ಕಾರದ ಭೂಪಟದಲ್ಲಿ ಇಲ್ಲದ ಕರ್ನಾಟಕ ಚಂದಾಪುಸ್ತಕದಲ್ಲಿ ಇತ್ತು.

ಚಂದಾ ವರ್ಷಕ್ಕೆ ನಾಲ್ಕಾಣೆ. ಕಾಂಗ್ರೆಸ್ಸಿನ ಧ್ಯೇಯಕ್ಕೆ ಒಪ್ಪಿಗೆ ಕೊಟ್ಟು ಇಷ್ಟು ತೆತ್ತರೆ ಸದಸ್ಯ. 1921ರ ಮಾರ್ಚ್ ಕೊನೆಗೆ ವಿಜಯವಾಡದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಜೂನ್ 30ರೊಳಗೆ ಮೂರು ಗುರಿ ಮುಟ್ಟಬೇಕೆಂದಿತು: ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಒಂದು ಕೋಟಿ ಸದಸ್ಯರು, 20 ಲಕ್ಷ ಚರಕ. ಹಣದ ಗುರಿ ದಾಟಿತು. ಸದಸ್ಯತ್ವ ಅರ್ಧದಷ್ಟರಲ್ಲಿ ನಿಂತಿತು.

ಈ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಕೋಟಿ ಜನ ನಾಲ್ಕಾಣೆ ಕೊಟ್ಟರೂ ಬರುವುದು 25 ಲಕ್ಷ ರೂಪಾಯಿ ಮಾತ್ರ. ಉಳಿದದ್ದು ಉಳ್ಳವರಿಂದಲೇ ಬರಬೇಕು. ನಿಧಿಯ ಬಹುದೊಡ್ಡ ಪಾಲು ಮುಂಬಯಿಯಿಂದ ಬಂತು. ಒಬ್ಬ ವರ್ತಕನ ಬಾಗಿಲಲ್ಲಿ ಸಾವಿರ ರೂಪಾಯಿ ಸಿಗಬಹುದು. ಅದೇ ಮೊತ್ತವನ್ನು ನಾಲ್ಕಾಣೆಯಲ್ಲಿ ಎತ್ತಲು ನಾಲ್ಕು ಸಾವಿರ ಜನರ ಎದುರು ನಿಲ್ಲಬೇಕು, ಪ್ರತಿಯೊಬ್ಬರಿಗೂ ಹಣ ಯಾಕೆಂದು ಹೇಳಬೇಕು. ಅದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಊರೂರಿನಲ್ಲಿ ತಂಡ ಬೇಕು, ಲೆಕ್ಕ ಬರೆಯುವವರು ಬೇಕು, ಮುಂದಿನ ವರ್ಷ ಅದೇ ಮನೆಗೆ ಮತ್ತೆ ಹೋಗುವ ಮುಖ ಉಳಿಸಿಕೊಂಡವರು ಬೇಕು.

ಮಂಗಳೂರು ಈ ಎರಡೂ ಬಗೆಯನ್ನು ಕಂಡಿದೆ. ಮೊದಲನೆಯದಕ್ಕೆ ಕಾರ್ನಾಡ್ ಸದಾಶಿವರಾಯರೇ ಸಾಕ್ಷಿ. 1881ರಲ್ಲಿ ಸಿರಿವಂತ ಮನೆಯಲ್ಲಿ ಹುಟ್ಟಿ ವಕೀಲರಾದ ಅವರು 1919ರ ಸತ್ಯಾಗ್ರಹ ಪ್ರತಿಜ್ಞೆಗೆ ಸಹಿ ಹಾಕಿದರು. ವಿಧವೆಯರಿಗಾಗಿ ಮಹಿಳಾ ಸಭಾ ಕಟ್ಟಿದರು, ರಾಷ್ಟ್ರೀಯ ಶಾಲೆ ನಡೆಸಿದರು, ಜೈಲಿಗೆ ಹೋದರು. ಇದಕ್ಕೆಲ್ಲ ಹರಿದದ್ದು ಹೆಚ್ಚಾಗಿ ಅವರ ಸ್ವಂತ ಹಣ. 1936ರ ಕೊನೆಯಲ್ಲಿ ಫೈಜ್‌ಪುರ ಅಧಿವೇಶನಕ್ಕೆ ಹೋಗಿ, ಜ್ವರ ಹಿಡಿದು, 1937ರ ಜನವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಆಸ್ತಿಯೆಲ್ಲ ಕರಗಿಹೋಗಿತ್ತು. ಅವರ ತ್ಯಾಗಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಒಂದು ಊರಿನ ಚಳವಳಿ ಒಬ್ಬನ ಆಸ್ತಿ ಕರಗುವವರೆಗೆ ಅವನ ಮೇಲೆಯೇ ಭಾರ ಹಾಕಿತಲ್ಲ ಎಂಬುದು ನನ್ನನ್ನು ಕುಟುಕುತ್ತದೆ. ನಾಲ್ಕಾಣೆ ಕೊಡಬಹುದಾಗಿದ್ದವರು ಆಗ ಎಷ್ಟು ಜನರಿದ್ದರೋ!

ಎರಡನೆಯ ಬಗೆಗೆ ಇದೇ ಊರಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನು ನೆನೆಯಬೇಕು. 1892ರಲ್ಲಿ ಹುಟ್ಟಿದ ಉಮಾಬಾಯಿ ಕುಂದಾಪುರ ಗಂಡನನ್ನು ಕಳೆದುಕೊಂಡ ಮೇಲೆ ಹುಬ್ಬಳ್ಳಿಯಲ್ಲಿ ನೆಲೆಸಿ, ಡಾ. ನಾ. ಸು. ಹರ್ಡೀಕರರ ಸೇವಾದಳದಲ್ಲಿ ಮಹಿಳಾ ವಿಭಾಗ ಕಟ್ಟಿದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನಕ್ಕೆ ಅವರು ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಮನೆ ಬಿಟ್ಟು ಹೊರಬರುವುದೇ ಕಷ್ಟವಾಗಿದ್ದ ಹೆಂಗಸರು ಅಪರಿಚಿತರ ನಡುವೆ ಕೆಲಸಕ್ಕೆ ನಿಂತದ್ದು ಯಾವ ದೇಣಿಗೆಗೂ ಕಡಿಮೆಯಲ್ಲ. 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಸೇವಾದಳದವರೇ. 1930ರಲ್ಲಿ ಅವರು ಕಾನೂನು ಮುರಿದು ತಯಾರಿಸಿದ ಉಪ್ಪಿನ ಪೊಟ್ಟಣಗಳನ್ನು ಮುಂಬಯಿಯ ಷೇರುಪೇಟೆಯೊಳಗೇ ಹೋಗಿ ಮಾರಿದರು. ಕೊಂಡವನು ಹಣವನ್ನಷ್ಟೇ ಕೊಡಲಿಲ್ಲ, ಕಾನೂನುಭಂಗದಲ್ಲಿ ಪಾಲುದಾರನೂ ಆದ.

ಬೆಳಗಾವಿಯಲ್ಲಿ ಕಾಂಗ್ರೆಸ್ ಇನ್ನೊಂದು ವಿಚಿತ್ರ ಪ್ರಯೋಗಕ್ಕೂ ಕೈಹಾಕಿತು. ನಾಲ್ಕಾಣೆಯ ಬದಲು ಸದಸ್ಯರು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂದಾಯಿತು. ಹಣ ಕೊಟ್ಟು ಕೈತೊಳೆದುಕೊಳ್ಳುವ ಅವಕಾಶ ಕಡಿಮೆಯಾಗಲಿ ಎಂಬ ಆಸೆ ಅದರಲ್ಲಿತ್ತು. ಅದು ನಡೆಯಲಿಲ್ಲ, ಮರುವರ್ಷವೇ ನಾಲ್ಕಾಣೆ ಮರಳಿ ಬಂತು. ಸೋತರೂ ಆ ಪ್ರಯೋಗ ಎತ್ತಿದ ಪ್ರಶ್ನೆ ಸರಿಯಾಗಿತ್ತು: ಚಂದಾ ಎಂಬುದು ಜೇಬಿನಿಂದ ಬರಬೇಕೋ, ದಿನದ ಸಮಯದಿಂದಲೋ?

ದೂರದ ಸಮಿತಿಗೆ ಹಣ ಎತ್ತುವವರ ಪಾಡು ಬೇರೆ. ತಮ್ಮೂರಿನ ಶಾಲೆಗೋ ದೇವಸ್ಥಾನಕ್ಕೋ ಕೊಟ್ಟವರು ನಾಳೆ ಅದರ ಗೋಡೆಯನ್ನು ಕಣ್ಣಾರೆ ನೋಡುತ್ತಾರೆ. ಘಟ್ಟದಾಚೆಗೆ ಹೋದ ನಾಲ್ಕಾಣೆ ಏನಾಯಿತೆಂದು ಬಂದರಿನ ಅಂಗಡಿಯವನಿಗೆ ತಿಳಿಯುವುದು, ಕೇಳಲು ಬಂದವನು ಮತ್ತೆ ಬಂದು ಹೇಳಿದರೆ ಮಾತ್ರ. ಹಾಗಾಗಿ ಸ್ವಯಂಸೇವಕರು ಹಣದ ಜೊತೆಗೆ ಸುದ್ದಿಯನ್ನೂ ಹೊರಬೇಕಿತ್ತು.

1956ರ ನವೆಂಬರ್ 1ರಂದು ಮಂಗಳೂರು ಅಧಿಕೃತವಾಗಿ ಕನ್ನಡ ರಾಜ್ಯದೊಳಗೆ ಬಂತು. ಅದೇ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಹೋಯಿತು. ಏಕೀಕರಣದ ಶ್ರೇಯಸ್ಸನ್ನು ನಾವು ಸಾಹಿತಿಗಳಿಗೂ ನಾಯಕರಿಗೂ ಕೊಡುತ್ತೇವೆ, ಕೊಡಬೇಕಾದದ್ದೇ. ಅದಕ್ಕೂ 35 ವರ್ಷ ಮೊದಲೇ ಒಂದು ಪಾವಲಿ ಕೊಟ್ಟು ಕರ್ನಾಟಕದ ಲೆಕ್ಕಕ್ಕೆ ಹೆಸರು ಬರೆಸಿದವರಿಗೂ ಅದರಲ್ಲಿ ಒಂದು ಪಾಲು ಸಲ್ಲಬೇಕು ಎಂದು ನನಗನ್ನಿಸುತ್ತದೆ.